ದಾಕಿನೋರ ಮನೆ ದೀಪ

ಹಂಗಳ
೧೦ ಜೂನ್ ೨೦೨೪

ದೊಡ್ಡಮ್ಮ, ನೀನು ಅಜ್ಜಿಯಾಗುತ್ತಿದ್ದೀಯೆ!

ಕ್ಷೇಮ, ನಮಸ್ಕಾರ ಎಲ್ಲ ಆಮೇಲೆ. ಇದನ್ನು ಮೊದಲು ಬರೆಯದೆ ಇದ್ದಿದ್ದರೆ ನನ್ನ ಹೊಟ್ಟೆಯೇ ಒಡೆದುಹೋಗುತ್ತಿತ್ತು. ನಿನ್ನೆ ಬೆಳಿಗ್ಗೆ ಗೊತ್ತಾಯಿತು. ಕಿರಣ್ ಆಗಲೇ ಡ್ಯೂಟಿಗೆ ಹೋಗಿದ್ದರು, ಫೋನ್ ಮಾಡಿದರೆ ಕರೆಂಟ್ ಕಂಬದ ಮೇಲಿದ್ದರಂತೆ. "ಇಳಿದು ಮಾಡ್ತೀನಿ" ಎಂದರು. "ಇಳಿಯೋ ಮುಂಚೆ ಕೇಳಿ, ನೀವು ಅಪ್ಪ ಆಗ್ತಿದೀರ" ಎಂದುಬಿಟ್ಟೆ. ಪುಣ್ಯಕ್ಕೆ ಬೀಳಲಿಲ್ಲ. ಆದರೆ ಅರ್ಧ ಗುಂಡ್ಲುಪೇಟೆಗೆ ಮಧ್ಯಾಹ್ನದವರೆಗೆ ಕರೆಂಟ್ ಬರಲಿಲ್ಲವಂತೆ, ಅದಕ್ಕೆ ನಾನೇ ಕಾರಣ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ.

ನಿನಗೆ ಫೋನಿನಲ್ಲಿ ಕೂಗಿ ಹೇಳಬಹುದಿತ್ತು. ಆದರೆ ನಿನಗೆ ಕೇಳಿಸುವುದಿಲ್ಲ, ಕಿವಿಯ ಮಿಷನ್ ಹಾಕಿಕೊಂಡರೆ ಅದು ಕುಂಯ್ ಎನ್ನುತ್ತದೆ. ನಿನಗೆ ಕೇಳಿಸುವಷ್ಟು ಜೋರಾಗಿ ಕೂಗಿದರೆ ಇಡೀ ಬೀದಿಗೆ ಕೇಳಿಸುತ್ತದೆ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ನನ್ನ ಕನ್ನಡದ ಕಾಗದಗಳಿಗೆ ಕೆಂಪು ಶಾಯಿ ಹಾಕಿ ವಾಪಸ್ಸು ಕಳಿಸುತ್ತಿದ್ದೆಯಲ್ಲ, ಇದನ್ನೂ ಕಳಿಸು. ಆದರೆ "ಅಜ್ಜಿ" ಎಂಬಲ್ಲಿ ಮಾತ್ರ ಶಾಯಿ ಹಾಕಬೇಡ.

ಮನೆ ಹೇಗಿದೆ ಎಂದು ಕೇಳಿದ್ದೆ. ಸೂಪರ್! ಊರಿನಲ್ಲಿ ನಮ್ಮನ್ನು ಡಾಕ್ಟರ ಮನೆ ಎಂದೇ ಕರೆಯುವುದು. "ದಾಕಿನೋರ ಮನೆ ಸೊಸೆ" ಎಂದು ಅಂಗಡಿಯವನು ನನಗೆ ಎದ್ದು ನಿಂತು ಸಕ್ಕರೆ ಕಟ್ಟಿಕೊಡುತ್ತಾನೆ. ಬೆಳಗಾದರೆ ಜಗಲಿಯ ತುಂಬ ಜನ. ಮಾವನವರು ಎಲ್ಲರಿಗೂ ಅವರ ಅಪ್ಪನ, ಅಂದರೆ ದೊಡ್ಡಮಲ್ಲಪ್ಪ ತಾತನ ಕಾಲದ ಸೂಜಿಯಲ್ಲೇ ಚುಚ್ಚುತ್ತಾರೆ. ಗಾಜಿನ ಸಿರಿಂಜು, ದೊಡ್ಡಮ್ಮ! ಮ್ಯೂಸಿಯಮ್ಮಿನಲ್ಲಿ ಇಡುವಂಥದ್ದು. ದೇವರ ಮನೆಯಲ್ಲಿ ಅದಕ್ಕೊಂದು ಹಿತ್ತಾಳೆಯ ತಟ್ಟೆ, ಪಕ್ಕದಲ್ಲಿ ಶಾಯಿ ಬುಡ್ಡಿಯ ಹಾಗಿರುವ ಮುದ್ದಾದ ಗಾಜಿನ ದೀಪ. ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಬಂದಿತ್ತಲ್ಲ, ಮಾವನವರೇ ನೋಡಿಕೊಂಡರು, ಎರಡು ದಿನಕ್ಕೆ ಎದ್ದು ಕೂತೆ.

ಇನ್ನೊಂದು ವಿಷಯ ಕೇಳು, ಎಷ್ಟು ಚೆನ್ನಾಗಿದೆ. ಈ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ನಾಮಕರಣದ ದಿನ ತಾತನ ಸೂಜಿಯಿಂದ ತೋಳಿನ ಮೇಲೆ ಒಂದು ಗೀರು ಎಳೆಯುತ್ತಾರೆ. ಮನೆದಾಕು ಅಂತಾರೆ. ಕಿರಣ್ ತೋಳಿನಲ್ಲೂ ಇದೆ, ಅಕ್ಕಿಕಾಳಿನಷ್ಟು. ನಾನು ದಿನಾ ಅದನ್ನು ಮುಟ್ಟಿ ನೋಡುತ್ತೇನೆ. ನಾಚಿಕೆಯಿಲ್ಲ ಎನ್ನಬೇಡ.

ನಿನ್ನ
ಭವ್ಯ


ಚಾಮರಾಜನಗರ
೧೮ ಜೂನ್ ೨೦೨೪

ಚಿ. ಸೌ. ಭವ್ಯಳಿಗೆ ಯಶೋದಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದ ದಿನ ಒಂದು ಲೋಟ ಹಾಲು ಹೆಚ್ಚಿಗೆ ತರಿಸಿ ಪಾಯಸ ಮಾಡಿಕೊಂಡು ಒಬ್ಬಳೇ ಉಂಡೆ. ನಿನ್ನ ತಾಯಿ ಇದ್ದಿದ್ದರೆ ಅವಳೂ ಉಣ್ಣುತ್ತಿದ್ದಳು. ಅವಳ ಪಾಲನ್ನೂ ನಾನೇ ಉಂಡೆ, ಆ ಹೊತ್ತು ಹೊಟ್ಟೆ ಕೆಟ್ಟಿತು.

ನಿನ್ನ ತಪ್ಪು ಒಂದೇ, ಆದರೆ ದೊಡ್ಡದು. ದಾಕು ಎಂದರೆ ಡಾಕ್ಟರ್ ಅಲ್ಲ ಕಣಮ್ಮಿ. ಸಿಡುಬು ಬಾರದ ಹಾಗೆ ತೋಳಿಗೆ ಚುಚ್ಚುತ್ತಿದ್ದರಲ್ಲ, ಅದು ದಾಕು. ಚುಚ್ಚುತ್ತಿದ್ದವರು ದಾಕಿನೋರು. ನಿನ್ನ ಗಂಡನ ತಾತ ದೊಡ್ಡಮಲ್ಲಪ್ಪನವರು ಸರ್ಕಾರದ ದಾಕಿನೋರು. ಅವರು ಡಾಕ್ಟರಾಗಿರಲಿಲ್ಲ, ಹಾಗೆಂದು ಯಾರಿಗೂ ಹೇಳಿಕೊಳ್ಳಲೂ ಇಲ್ಲ. ಖಾಕಿ ಚೀಲ ಹೊತ್ತುಕೊಂಡು ಪುಣಜನೂರಿನ ಕಾಡಂಚಿನ ತನಕ ನಡೆದೇ ಹೋಗುತ್ತಿದ್ದರು. ದಾಕಿನೋರು ಬಂದರು ಎಂದರೆ ತಾಯಂದಿರು ಮಕ್ಕಳನ್ನು ರಾಗಿ ಗುಡಾಣದೊಳಗೆ ಬಚ್ಚಿಡುತ್ತಿದ್ದರು. ಚುಚ್ಚಿದರೆ ಸಿಡುಬಿನ ಅಮ್ಮ ಮುನಿಯುತ್ತಾಳೆ ಎಂದು ಕಲ್ಲು ಹೊಡೆದವರೂ ಉಂಟು. ನನ್ನ ಸೋದರತ್ತೆಯನ್ನು ಹಾಗೆ ಬಚ್ಚಿಟ್ಟಿದ್ದರು. ಆ ವರ್ಷವೇ ಸಿಡುಬಿನಲ್ಲಿ ಅವಳ ಎರಡು ಕಣ್ಣೂ ಹೋದವು. ಅದಕ್ಕೇ ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಮರಹಳ್ಳಿ ಸಂತೆಗೆ ಹೋಗಿ, ಹುಣಸೆಮರದ ಕೆಳಗೆ ಅವರ ಮುಂದೆ ನಿಲ್ಲಿಸಿದರು. ನನ್ನ ತೋಳಿನ ಮೇಲಿರುವ ಎರಡು ಗುಂಡು ಕಲೆ ಅವರದೇ. ಚಿಕ್ಕವಳಿದ್ದಾಗ ನೀನು ಅದರ ಮೇಲೆ ಬೆರಳಿಟ್ಟು ನಿದ್ದೆ ಮಾಡುತ್ತಿದ್ದೆ.

ನಿನ್ನ ಮದುವೆಗೆ ನಾನು ಒಪ್ಪಿದ್ದು ಹುಡುಗನ ಸಂಬಳ ನೋಡಿ ಅಲ್ಲ, ಆ ಮನೆಯ ಹೆಸರು ನೋಡಿ. ಒಳ್ಳೆಯ ಮನೆ ಸೇರಿದ್ದೀಯೆ. ಮಾವನ ಮಾತು ಕೇಳಿಕೊಂಡು ಇರು. ಪರಂಗಿ ಹಣ್ಣು ಮುಟ್ಟಬೇಡ. ಬೈಕಿನ ಮೇಲೆ ಕೂರಬೇಡ.

ಯಶೋದಮ್ಮ


ಹಂಗಳ
೨೭ ಜೂನ್ ೨೦೨೪

ಪ್ರೀತಿಯ ದೊಡ್ಡಮ್ಮ,

ದಾಕು! ನಾನು ನಾಲ್ಕು ತಿಂಗಳಿಂದ ಕ್ಲಾಸ್‌ಮೇಟುಗಳಿಗೆಲ್ಲ ಡಾಕ್ಟರ ಮನೆ ಸೊಸೆ ಎಂದು ಮೆಸೇಜು ಹಾಕುತ್ತಿದ್ದೆ. ಕಿರಣ್‌ಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ನಮ್ಮಪ್ಪ ಎಸ್ಸೆಸ್ಸೆಲ್ಸಿ ಫೇಲು ಕಣೆ" ಎಂದರು. ನಾನೂ ನಕ್ಕೆ. ನಗು ನಿಂತ ಮೇಲೆ ಒಂದು ಯೋಚನೆ ಬಂತು. ಫೇಲಾದವರು ಚುಚ್ಚುತ್ತಿರುವುದು ಏನನ್ನು?

ಆಮೇಲೆ ಜಗಲಿಯನ್ನು ಬೇರೆ ಕಣ್ಣಿನಿಂದ ನೋಡಿದೆ. ನೋಡಬಾರದಾಗಿತ್ತು. ಮದ್ದು ಮೆಡಿಕಲ್ ಸ್ಟೋರಿನಿಂದ ತಂದ ಶಕ್ತಿಯ ಇಂಜೆಕ್ಷನ್ನಂತೆ, ಎಲ್ಲ ಕಾಯಿಲೆಗೂ ಅದೊಂದೇ.

ಮಾವನವರು ಕೆಟ್ಟವರಲ್ಲ ದೊಡ್ಡಮ್ಮ, ಅದನ್ನು ಮೊದಲೇ ಬರೆದುಬಿಡುತ್ತೇನೆ. ಯಾರನ್ನೂ ಗದರುವುದಿಲ್ಲ. ಅಳುವ ಮಗುವಿಗೆ ಜೇಬಿನಿಂದ ಕೊಬ್ಬರಿ ತುಂಡು ತೆಗೆದು ಕೊಡುತ್ತಾರೆ. ಆದರೆ ಒಂದೇ ಸೂಜಿ! ಮೊದಲು ಕೆಮ್ಮುವ ಮುದುಕನ ತೋಳು, ಆಮೇಲೆ ಬಾಣಂತಿಯ ತೋಳು, ಆಮೇಲೆ ಕುರು ಎದ್ದು ಕೀವು ಸುರಿಯುತ್ತಿದ್ದ ಒಬ್ಬನ ತೊಡೆ. ನಡುವೆ ಒಂದು ಹತ್ತಿಯ ಉಂಡೆ. ಬೆಳಿಗ್ಗೆ ಬೆಳ್ಳಗಿದ್ದ ಆ ಉಂಡೆ ಹತ್ತು ಗಂಟೆಗೆ ಅಡಿಕೆಚೂರಿನ ಬಣ್ಣಕ್ಕೆ ತಿರುಗಿತ್ತು. ಅದರಲ್ಲೇ ಒರೆಸುವುದು, ಮತ್ತೆ ಅದನ್ನೇ ತಟ್ಟೆಯಲ್ಲಿ ಇಡುವುದು. ಅದರ ಮೇಲೆ ನೊಣ. ಗಾಜಿನ ಕೊಳವೆಯ ಒಳಗೆ ದಾರದಷ್ಟು ಸಣ್ಣಗೆ ರಕ್ತ ಸುತ್ತಿಕೊಂಡು ಮೇಲೇರಿದ್ದನ್ನು ಕಂಡೆ. ಓಡಿಹೋಗಿ ದನದ ಕೊಟ್ಟಿಗೆಯಲ್ಲಿ ವಾಂತಿ ಮಾಡಿಕೊಂಡೆ. ಸೂಜಿ ಮೊಂಡಾದರೆ ಏನು ಮಾಡುತ್ತಾರೆ ಗೊತ್ತೆ? ಕುಡುಗೋಲು ಮಸೆಯುವ ಸಾಣೆಕಲ್ಲಿನ ಮೇಲೆ ಮಸೆಯುತ್ತಾರೆ!

ಮೆಡಿಕಲ್ ಸ್ಟೋರಿನಿಂದ ಹೊಸ ಸಿರಿಂಜುಗಳನ್ನು ಕಿರಣ್ ಕೈಲಿ ತರಿಸಿ ಮಾವನವರ ಮುಂದೆ ಇಟ್ಟೆ. ಅವರು ಬೇಡ ಎನ್ನಲಿಲ್ಲ. ಒಂದನ್ನು ಬಿಚ್ಚಿಯೂ ಬಿಟ್ಟರು. ಬೇಡ ಎಂದದ್ದು ಜನ. ಎದುರು ಮನೆಯ ನಿಂಗಯ್ಯ ಅದನ್ನು ನೋಡಿ ತೋಳನ್ನು ಹಿಂದಕ್ಕೆಳೆದುಕೊಂಡರು.

"ಅದ್ಯಾನಪ್ಪ, ಸೊಳ್ಳೆ ಮೂತಿ ಇದ್ದಂಗದ? ಅದು ಬ್ಯಾಡ ಬುಡು. ತಾತನ ಸೂಜಿಲೇ ಹಾಕು. ನಮ್ಮವ್ವುಂಗೂ ಅದ್ರಲ್ಲೇ ಹಾಕಿದ್ದು, ತೊಂಬತ್ತೊರ್ಸ ಬದುಕುದ್ಲು."

"ಅದು ಒಬ್ಬರಿಗೆ ಒಂದೇ ಸಲ ನಿಂಗಯ್ಯನವರೇ, ಆಮೇಲೆ ಬಿಸಾಕೋದು" ಎಂದೆ.

"ಒಂದಪ ಚುಚ್ಚಿ ಬಿಸಾಕೋ ಸೂಜಿಗೆ ಗುಣ ಎಲ್ಲಿಂದ ಬಂದದವ್ವ? ನೂರಾರು ಜನುನ್ನ ವಾಸಿ ಮಾಡಿ ಮಾಡಿ ಅದು ಪಳಗಿಬುಟ್ಟದ."

ಪಕ್ಕದಲ್ಲಿ ಕುಳಿತಿದ್ದ ಮಂಚಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಚುಚ್ಚುದ್ರೆ ವಸಿ ನ್ವಾವಾಗ್ಬೇಕು ಕೂಸೆ. ನ್ವಾವಾಗ್ದಿದ್ರೆ ಮದ್ದು ಒಳುಕ್ಕೆ ಓಯ್ತು ಅಂತ ಯಂಗ್ ಗೊತ್ತಾದ್ದು?"

ಎಲ್ಲರೂ ನಕ್ಕರು. ವೈದ್ಯರಿಗೆ ಕೈಗುಣ ಇರುತ್ತದೆ ಎಂದು ನೀನು ಹೇಳುತ್ತಿದ್ದೆ. ಇಲ್ಲಿ ಅದು ಕೈಯಿಂದ ಇಳಿದು ಸೂಜಿಗೆ ಹೋಗಿ ಕೂತಿದೆ. ಹೊಸ ಸಿರಿಂಜುಗಳು ಈಗ ಅತ್ತೆಯ ಅಡುಗೆಮನೆಯ ಗೂಡಿನಲ್ಲಿವೆ, ಬಾಗಿಲಿನ ಕೀಲಿಗೆ ಎಣ್ಣೆ ಬಿಡಲು ಬಳಸುತ್ತಾರೆ.

ಊಟ ಸೇರುತ್ತಿಲ್ಲ. ಅನ್ನದ ತಟ್ಟೆ ನೋಡಿದರೆ ಆ ಹಿತ್ತಾಳೆ ತಟ್ಟೆ ನೆನಪಾಗುತ್ತದೆ. ಛೀ.

ಭವ್ಯ


ಚಾಮರಾಜನಗರ
೫ ಜುಲೈ ೨೦೨೪

ಚಿ. ಸೌ. ಭವ್ಯಳಿಗೆ ಆಶೀರ್ವಾದ.

ಬಸುರಿಗೆ ಗಂಧವೂ ನಾರುತ್ತದೆ. ನಿನ್ನ ತಾಯಿ ನೀನು ಹೊಟ್ಟೆಯಲ್ಲಿದ್ದಾಗ ಮಲ್ಲಿಗೆ ಹೂವಿಗೆ ವಾಂತಿ ಮಾಡುತ್ತಿದ್ದಳು. ಅದಕ್ಕಾಗಿ ಯಾರೂ ಮಲ್ಲಿಗೆ ಬಳ್ಳಿ ಕೀಳಲಿಲ್ಲ.

ಕಾನ್ವೆಂಟಿನಲ್ಲಿ ಓದಿಸಿದ್ದು ತಪ್ಪಾಯಿತೇನೋ ಎಂದು ಇವತ್ತು ಮೊದಲ ಸಲ ಅನ್ನಿಸಿತು. ಕೀವು, ರಕ್ತ, ಮಲ, ಮೂತ್ರ ಇದ್ದದ್ದೇ. ನಾಳೆ ನಿನ್ನ ಮಗುವಿನದನ್ನು ನೀನೇ ತೊಳೆಯಬೇಕು. ನಮ್ಮತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದಾಗ ಈ ಕೈಯಲ್ಲಿ ಎತ್ತಿ, ಅದೇ ಕೈಯಲ್ಲಿ ಉಂಡಿದ್ದೇನೆ. ಹೇಸಿಗೆ ಪಡುವವಳು ಸಂಸಾರ ಮಾಡಲಾರಳು. ಬಂದ ಐದು ತಿಂಗಳಿಗೇ ಮಾವನ ಜಗಲಿಗೆ ಮೂಗು ಮುಚ್ಚಿಕೊಂಡರೆ ಊರು ಏನೆಂದೀತು?

ಅಷ್ಟಕ್ಕೂ ಒಂದೇ ಸೂಜಿಯಾದರೆ ಏನಾಯಿತು? ಸಂತೆಮರಹಳ್ಳಿಯಲ್ಲಿ ನಮಗೆಲ್ಲ ಕಾಲರಾಕ್ಕೆ ಚುಚ್ಚಿದ್ದೂ ಒಂದೇ ಸೂಜಿಯಲ್ಲೇ, ಸಾಲಾಗಿ ನಿಲ್ಲಿಸಿ. ಒಬ್ಬೊಬ್ಬರ ತೋಳಿಗೂ ಮುಂಚೆ ಅದನ್ನು ನೀಲಿ ದೀಪದಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಆಮೇಲೆ ಚುಚ್ಚುತ್ತಿದ್ದರು. ನಾವು ಅಳುತ್ತಿದ್ದದ್ದು ಸೂಜಿಗಲ್ಲ, ಆ ಬೆಂಕಿಗೆ. "ಸುಟ್ಟುಬುಡ್ತರೆ ಕಣವ್ವೋ" ಎಂದು ನಾನು ಸಂತೆಯೇ ತಿರುಗಿ ನೋಡುವ ಹಾಗೆ ಕಿರುಚಿದ್ದೆನಂತೆ. ಯಾರಾದರೂ ಅವಸರ ಮಾಡಿದರೆ ದೊಡ್ಡಮಲ್ಲಪ್ಪನವರು, "ಬೆಂಕಿ ಮುಟ್ಟದ್ನ ನಾ ಮುಟ್ಟಾಕಿಲ್ಲ, ನಿಂತ್ಕೋ" ಎಂದು ಗದರುತ್ತಿದ್ದರು. ನಿನ್ನ ಮಾವನೂ ಹಾಗೇ ಸುಡುತ್ತಾರಲ್ಲ, ಮತ್ತೇನು ಹೇಸಿಗೆ?

ನಿಂಬೆಹಣ್ಣು ಮೂಸು, ವಾಂತಿ ನಿಲ್ಲುತ್ತದೆ.

ಯಶೋದಮ್ಮ


ಹಂಗಳ
೧೪ ಜುಲೈ ೨೦೨೪

ದೊಡ್ಡಮ್ಮ,

ಯಾವ ನೀಲಿ ದೀಪ?

ನಿನ್ನ ಕಾಗದ ಓದಿ ಮೊದಲು ಕೋಪ ಬಂತು. ಎರಡನೆಯ ಸಲ ಓದುವಾಗ ಆ ದೀಪದ ಸಾಲಿಗೆ ಬಂದು ನಿಂತೆ. ನಾನು ಈ ಮನೆಗೆ ಬಂದಾಗಿನಿಂದ ಯಾರೂ ಸೂಜಿ ಸುಟ್ಟದ್ದನ್ನು ನೋಡಿಲ್ಲ. ಜಗಲಿಯ ಮೇಲೆ ದೀಪವೇ ಇಲ್ಲ. ದೀಪ ಇರುವುದು ದೇವರ ಮನೆಯಲ್ಲಿ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಮನೆಯ ಬಾಗಿಲಲ್ಲಿ ಕೂತೆ. ಮಾವನವರಿಗೆ ಖುಷಿಯಾಯಿತು, ಸೊಸೆಗೆ ಭಕ್ತಿ ಬಂತು ಎಂದುಕೊಂಡರು. ಆ ಶಾಯಿ ಬುಡ್ಡಿಯಂಥ ದೀಪಕ್ಕೆ ಹರಳೆಣ್ಣೆ ಹಾಕಿ ಹಚ್ಚಿದರು. ತಟ್ಟೆಯಿಂದ ಸೂಜಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಉರಿಯ ಸುತ್ತ ಮೂರು ಸಲ ಸುಳಿಸಿದರು. ಉರಿ ಸೂಜಿಗೆ ತಾಗಲೂ ಇಲ್ಲ. ಆಮೇಲೆ ಅದರ ಮೇಲೆ ಕುಂಕುಮದ ಒಂದು ಬೊಟ್ಟು. ಘಂಟೆ. ಅಷ್ಟೇ. ಸೂಜಿ ತಟ್ಟೆಯಲ್ಲಿ ಕೂತು ಜಗಲಿಗೆ ಹೊರಟಿತು, ಸಂಜೆಯವರೆಗೆ ಊರಿನವರ ಮೈಯೆಲ್ಲ ಹೊಕ್ಕು ಬರಲು.

"ಮಾವ, ತಾತನವರು ಸೂಜೀನ ಸುಡ್ತಿದ್ದರಂತಲ್ಲ?" ಎಂದು ಕೇಳಿದೆ.

"ಸುಡಾದಾ? ಯಾರವ್ವ ಹೇಳ್ದವ್ರು?"

"ಚಾಮರಾಜನಗರದ ದೊಡ್ಡಮ್ಮ. ಅವರೇ ನೋಡಿದಾರೆ."

ಅವರು ನಕ್ಕರು. "ಅವ್ರು ಮೊಗ ಅಲ್ವಾ ಆಗ, ಯದ್ರುಕತಿತ್ತು. ಸುಡಾದಲ್ಲ ಕಣವ್ವ, ದೀಪುಕ್ಕ ತೋರಾದು. ನಾನೂ ಚಿಕ್ಕೈದನಾಗಿ ನೋಡಿವ್ನಿ. ನಮ್ಮಪ್ಪ ಕಣ್ಣು ಮಿಟುಕುಸ್ದಂಗೆ ಸೂಜಿಯ ದೀಪುಕ್ಕ ಹಿಡಿಯವ್ರು, ಒಳ್ಳೆ ಜಪ ಮಾಡ್ದಂಗೆ. ಅವ್ರು ತೋಳು ತೋಳುಗೂ ತೋರವ್ರು. ನಂಗೆ ಅಷ್ಟು ಪುರುಸೊತ್ತು ಎಲ್ಲದ? ಬೆಳುಗ್ಗೆ ಒಂದಪ ತೋರ್ಬುಡ್ತೀನಿ."

"ಆ ದೀಪಕ್ಕೆ ಆಗ ಏನು ಹಾಕ್ತಿದ್ದರು?"

"ಅದ್ಯಾನೋ ಗಮ್ಮಂತ ವಾಸ್ನೆದು. ಆಪೀಸ್ನಿಂದ ಬರದು. ಅಪ್ಪ ರಿಟೈರ್ ಆದ್ಮೇಲೆ ಬರದು ನಿಂತೋಯ್ತು. ಹರಳೆಣ್ಣೆನೇ ಸ್ರೇಷ್ಠ ಬುಡವ್ವ, ದೇವ್ರುಗೆ."

ಅರ್ಥವಾಯಿತಾ ದೊಡ್ಡಮ್ಮ? ತಾತ ರೋಗ ಸುಡುತ್ತಿದ್ದರು. ಮಗ ಅದನ್ನು ಪೂಜೆ ಎಂದುಕೊಂಡ. ಸ್ಪಿರಿಟ್ ದೀಪ ನಂದಾದೀಪವಾಯಿತು! ತಾತ ಕಲ್ಲೇಟು ತಿಂದು ಊರೂರು ಅಲೆದು ಸಂಪಾದಿಸಿದ ನಂಬಿಕೆಯಿದೆಯಲ್ಲ, ಅದನ್ನು ಈ ಮನೆ ಆ ಕೊಳಕು ಹತ್ತಿಯ ಉಂಡೆಯಲ್ಲಿ ಅದ್ದಿ ಅದ್ದಿ ಊರಿಗೆ ವಾಪಸ್ಸು ಚುಚ್ಚುತ್ತಿದೆ. ಸರ್ಕಾರಕ್ಕೂ ಛೀ ಅನ್ನಬೇಕು. ಸಿಡುಬು ಹೋಯಿತು ಎಂದು ಡಂಗುರ ಹೊಡೆದು ದಾಕಿನೋರನ್ನು ಮನೆಗೆ ಕಳಿಸಿತು. ಸೂಜಿ, ದೀಪ ಎರಡನ್ನೂ ಮನೆಯಲ್ಲೇ ಬಿಟ್ಟಿತು. ಇಲ್ಲಿನ ಆರೋಗ್ಯ ಉಪಕೇಂದ್ರದ ಬೀಗಕ್ಕೆ ತುಕ್ಕು ಹಿಡಿದಿದೆ, ಮೆಟ್ಟಿಲ ಮೇಲೆ ಕುರಿ ಮಲಗುತ್ತವೆ. ಜನ ಇನ್ನೆಲ್ಲಿಗೆ ಹೋಗಬೇಕು?

ಮಂಚಮ್ಮನ ಕಣ್ಣು ಹಳದಿಯಾಗಿದೆ. ಅವಳ ಮಗನದೂ. ಅದಕ್ಕೂ ತಾತನ ಸೂಜಿಯಲ್ಲೇ ಚುಚ್ಚಿಸಿಕೊಂಡು ಹೋದಳು. ಹೋಗುವಾಗ ನನ್ನ ಕೆನ್ನೆ ಸವರಿ, "ನಿನ್ನ ಮೊಗೀಗೂ ಇದ್ರಲ್ಲೇ ದಾಕು ಹಾಕ್ದಾಗ ನಂಗೂ ಓಳಿಗೆ ಹಾಕ್ಸವ್ವ" ಎಂದಳು. ಒಳಗೆ ಹೋಗಿ ಸೋಪು ಹಾಕಿ ಮುಖ ತೊಳೆದೆ. ಮತ್ತೆ ತೊಳೆದೆ. ಆಮೇಲೆ ಹಾಗೆ ತೊಳೆದದ್ದಕ್ಕೇ ನನ್ನ ಮೇಲೆ ಹೇಸಿಗೆಯಾಯಿತು.

ಕಿರಣ್ ಒಂದೇ ಮಾತು ಹೇಳುತ್ತಾರೆ, "ಅಪ್ಪನಿಗೆ ನೋವು ಮಾಡಬೇಡ."

ಭವ್ಯ


ಚಾಮರಾಜನಗರ
೨೦ ಜುಲೈ ೨೦೨೪

ಭವ್ಯ,

ನಿನ್ನನ್ನು ಬೈದು ಬರೆದ ಕಾಗದವನ್ನು ಒಲೆಗೆ ಹಾಕು.

ನಿನ್ನ ಕಾಗದಗಳನ್ನೆಲ್ಲ ಹೊರಗೆ ತೆಗೆದು ಮೊದಲಿನಿಂದ ಓದಿದೆ. ಮುದುಕನ ತೋಳು, ಬಾಣಂತಿಯ ತೋಳು, ನಿಂಗಯ್ಯನ ತೋಳು, ಮಂಚಮ್ಮನ ತೋಳು, ಎಲ್ಲ ಬರೆದಿದ್ದೀಯೆ. ಮದುವೆಯಾದ ಹೊಸದರಲ್ಲಿ ಜ್ವರ ಬಂದಿತ್ತು, ಮಾವ ನೋಡಿಕೊಂಡರು, ಎರಡು ದಿನಕ್ಕೆ ಎದ್ದೆ ಎಂದೂ ಬರೆದಿದ್ದೀಯೆ.

ಹೇಗೆ ನೋಡಿಕೊಂಡರು?

ನಿನ್ನ ತೋಳಿನ ವಿಷಯ ಬರೆ ಮಗು.

ಯಶೋದಮ್ಮ


ಚಾಮರಾಜನಗರ
೬ ಆಗಸ್ಟ್ ೨೦೨೪

ಭವ್ಯ,

ಉತ್ತರ ಬರಲಿಲ್ಲ. ಪೋಸ್ಟಿನವನನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ಕೇಳುತ್ತೇನೆ, ಅವನು ಈಗ ಬೇರೆ ಬೀದಿಯಿಂದ ಸುತ್ತಿಕೊಂಡು ಹೋಗುತ್ತಾನೆ.

ಪಕ್ಕದ ಮನೆಯ ಅನು ಕೈಲಿ ಫೋನ್ ಹಾಕಿಸಿದೆ. ನಿಮ್ಮತ್ತೆ ತೆಗೆದರು. ಅನು ಹೇಳಿದ ಪ್ರಕಾರ, ನೀನು ಗುಂಡ್ಲುಪೇಟೆ ಆಸ್ಪತ್ರೆಗೆ ಹೋಗಿದ್ದೀಯೆ, ಬಸುರಿಯರ ಮಾಮೂಲಿ ರಕ್ತ ಪರೀಕ್ಷೆ ಎಂದರಂತೆ. ಮಾಮೂಲಿ ಎನ್ನುವಾಗ ದನಿ ಹೇಗಿತ್ತು ಎಂದು ಅನುವನ್ನು ಕೇಳಿದೆ. ಆ ಹುಡುಗಿಗೆ ಅದು ತಿಳಿಯಲಿಲ್ಲ. ನನಗೆ ಕಿವಿ ಇದ್ದಿದ್ದರೆ ತಿಳಿಯುತ್ತಿತ್ತು.

ಬೈಯುತ್ತೇನೆಂದು ಹೆದರಬೇಡ. ಒಂದು ಸಾಲು ಬರೆ. ತಪ್ಪು ಕನ್ನಡದಲ್ಲಾದರೂ ಬರೆ.

ಯಶೋದಮ್ಮ


ಮೈಸೂರು
೧೯ ಆಗಸ್ಟ್ ೨೦೨೪

ದೊಡ್ಡಮ್ಮ,

ಚುಚ್ಚಿದ್ದರು. ಎಡ ತೋಳಿಗೆ, ತಾತನ ಸೂಜಿಯಲ್ಲಿ. ಹೊಸ ಮದುವಣಗಿತ್ತಿ, ಇಡೀ ಮನೆ ಮಂಚದ ಸುತ್ತ ನಿಂತಿತ್ತು, ನನಗೆ ರಾಣಿಯ ಹಾಗೆ ಅನ್ನಿಸಿತ್ತು. "ಈಗ ನೀನು ನಮ್ಮನೆಯವ್ಳಾದೆ" ಎಂದು ಅತ್ತೆ ಆ ಜಾಗಕ್ಕೆ ಅರಿಸಿನ ಒತ್ತಿದ್ದರು. ನಾನು ಸಿರಿಂಜಿನ ಜೊತೆ ಸೆಲ್ಫಿಯನ್ನೂ ತೆಗೆದುಕೊಂಡಿದ್ದೆ. ನಿನ್ನ ಪ್ರಶ್ನೆ ಬಂದ ದಿನ ಅದನ್ನು ಅಳಿಸಿ, ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿದೆ.

ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ. ಕಾಮಾಲೆಯ ರೋಗಾಣು. ಇಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಮತ್ತೆ ನೋಡಿದರು, ಇದೆ. ಕಿರಣ್ ರಕ್ತದಲ್ಲೂ ಇದೆ, ಬಹುಶಃ ಹುಟ್ಟಿದ ಹನ್ನೊಂದನೆಯ ದಿನ ಹಾಕಿದ ಆ ಮನೆದಾಕಿನಿಂದ. ನನಗೆ ಬಂದದ್ದು ಸೂಜಿಯಿಂದಲೋ ಅವರಿಂದಲೋ ಹೇಳಲಾಗುವುದಿಲ್ಲ ಎಂದರು. ನಾನು ದಿನಾ ಮುಟ್ಟಿ ನೋಡುತ್ತಿದ್ದ ಆ ಅಕ್ಕಿಕಾಳಿನಷ್ಟು ಕಲೆ, ದೊಡ್ಡಮ್ಮ. ಅದರ ಮೇಲೆ ಬೆರಳಿಟ್ಟು ನಿದ್ದೆ ಮಾಡುತ್ತಿದ್ದೆ, ನಿನ್ನದರ ಮೇಲೆ ಇಡುತ್ತಿದ್ದ ಹಾಗೆ.

ನೀನು ಅಳುವ ಮುಂಚೆ ಮುಂದಕ್ಕೆ ಓದು. ಮಗುವನ್ನು ಉಳಿಸಿಕೊಳ್ಳಬಹುದಂತೆ. ಹುಟ್ಟಿದ ದಿನವೇ, ತಡಮಾಡದೆ, ಅದಕ್ಕೆ ಎರಡು ಚುಚ್ಚುಮದ್ದು ಹಾಕಬೇಕು. ಆಮೇಲೆ ಹೇಳಿದ ಹೊತ್ತಿಗೆ ಮತ್ತೆ ಹಾಕಿಸಬೇಕು. ಹಾಗೆ ಮಾಡಿದರೆ ಹೆಚ್ಚಿನ ಮಕ್ಕಳಿಗೆ ರೋಗ ಅಂಟುವುದಿಲ್ಲ. "ಎಲ್ಲಿ ಹೆರುತ್ತೀರಿ ಅನ್ನೋದನ್ನ ಮೊದಲು ಗಟ್ಟಿ ಮಾಡಿ" ಎಂದರು ಡಾಕ್ಟರು. ನಾನು ಆ ಕ್ಷಣವೇ ಗಟ್ಟಿ ಮಾಡಿದೆ. ಆ ಮನೆಯಲ್ಲಲ್ಲ.

ಆದರೆ ಮೊನ್ನೆ ಶುಕ್ರವಾರ ನನ್ನ ಮೊದಲ ವರಮಹಾಲಕ್ಷ್ಮಿ ಹಬ್ಬ. ಬೀದಿಯ ಹೆಂಗಸರೆಲ್ಲ ಬಂದಿದ್ದರು, ಮಂಚಮ್ಮನೂ ಬಂದಿದ್ದಳು, ಅರಿಸಿನ ಕುಂಕುಮಕ್ಕೆ ಹಳದಿ ಕಣ್ಣು ಇಟ್ಟುಕೊಂಡು. ಕಲಶದ ಪಕ್ಕದಲ್ಲಿ ಲಕ್ಷ್ಮಿಗೆ ಸಮನಾಗಿ ಆ ತಟ್ಟೆ. ಮಾವನವರು ಎಲ್ಲರೆದುರಿಗೆ, "ಹೆರಿಗೆ ಇಲ್ಲೇ. ನಮ್ಮನೇಲಿ ತವರ್ಗೆ ಕಳ್ಸೋ ಪದ್ಧತಿ ಇಲ್ಲ. ಹನ್ನೊಂದ್ನೇ ದಿಸುಕ್ಕೆ ದಾಕು" ಎಂದು ಘೋಷಣೆ ಮಾಡಿದರು.

"ಆ ಸೂಜಿ ನನ್ನ ಮಗೂನ ಮುಟ್ಟಲ್ಲ ಮಾವ" ಎಂದೆ.

 ನಾನು ಹೇಳಿಬಿಟ್ಟೆ, ಎಲ್ಲವನ್ನೂ, ನನ್ನ ರಕ್ತ, ಅವರ ಮಗನ ರಕ್ತ. ನಿಂಗಯ್ಯನ ಹೆಂಡತಿ ತಾಂಬೂಲದ ತಟ್ಟೆ ಕೆಳಗಿಟ್ಟು, "ಓದ್ಬುಟ್ಟು ಕೆಟ್ಟೋಯ್ತು ಕಣವ್ವ ಇದು, ದೇವ್ರ ಸೂಜಿಗೆ ಮೈಲ್ಗೆ ಅಂತದ" ಎಂದು ಎದ್ದಳು. ಮಾವನವರು ಕೂಗಾಡಲಿಲ್ಲ. ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ನಾನು ಒಂದಿನಾನೂ ಪೂಜೆ ತಪ್ಪುಸ್ಲಿಲ್ಲವಲ್ಲ" ಎಂದರು. ಬೈದಿದ್ದರೆ ಸಹಿಸಬಹುದಿತ್ತು.

ಕಿರಣ್ ಮೂಲೆಯಲ್ಲಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. "ಕಂಬ ಹತ್ತೋ ಮುಂಚೆ ಲೈನಿನಲ್ಲಿ ಕರೆಂಟ್ ಇದೆಯಾ ಅಂತ ಪ್ರತಿ ಸಲ ನೋಡ್ತೀರ. ಗ್ಲೌಸ್ ಇಲ್ಲದೆ ವೈರ್ ಮುಟ್ಟಲ್ಲ. ಹೆಂಡತಿ ತೋಳಿಗೆ ಏನು ಹೋಗ್ತಿದೆ ಅಂತ ಮಾತ್ರ ನೋಡಲಿಲ್ಲ" ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಈ ಗಂಡಸರ ಹೊರಗೆ ಹೋಗುವಿಕೆಯೂ ನನಗೆ ಹೇಸಿಗೆ ಹುಟ್ಟಿಸುತ್ತದೆ.

ಎಲ್ಲರೂ ಹೋದ ಮೇಲೆ ಅತ್ತೆ ದೇವರ ಸಾಮಾನು ಬೆಳಗಲು ಹಿತ್ತಲಿಗೆ ತಂದರು. ನಾನು ಬಟ್ಟೆ ತುಂಬಿಕೊಳ್ಳುತ್ತಿದ್ದೆ. ಕುಂಕುಮದ ಪೊಟ್ಟಣದ ಹಾಗೆ ಕಟ್ಟಿದ್ದ ಒಂದು ರವಿಕೆ ಕಣವನ್ನು ನನ್ನ ಚೀಲದೊಳಗೆ ತುರುಕಿದರು. ಮುಟ್ಟಿದರೆ ಒಳಗೆ ಸೂಜಿ.

"ದೇವ್ರ ಸಾಮಾನು ಬೆಳಗೋಳು ನಾನು. ಒಂದು ಕಳ್ದೋಯ್ತು ಅಂತೀನಿ, ಬುಡು" ಎಂದರು. ಆಮೇಲೆ ನನ್ನ ಮುಖ ನೋಡದೆ, ತಟ್ಟೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಲೇ, "ನಂಗೂ ಈ ಮನೆಗೆ ಬಂದಾಗ ಹಾಕಿದ್ರು. ಆಮೇಲೂ ಕೈಕಾಲು ನೊಂದಾಗ್ಲೆಲ್ಲ ಹಾಕಿದ್ರು. ಈಗ್ ವರ್ಸೊಪ್ಪತ್ತಿಂದ ಉಂಡದ್ದು ಮೈಗೆ ಹತ್ತಾಕಿಲ್ಲ ಕಣವ್ವ. ನಂದೂ ವಸಿ ನೋಡುಸ್ತಿಯಾ?" ಎಂದರು.

ಆ ಮನೆಯ ಮೇಲೆಲ್ಲ ಹೇಸಿಗೆ ಪಟ್ಟಿದ್ದೆ ದೊಡ್ಡಮ್ಮ. ಆ ಹೆಂಗಸಿನ ಹುಣಸೆಹಣ್ಣು ಮೆತ್ತಿದ ಕೈಯನ್ನು ಹಿಡಿದುಕೊಂಡೆ, ತೊಳೆದುಕೊಳ್ಳಬೇಕು ಅನ್ನಿಸಲಿಲ್ಲ.

ಮರುದಿನವೇ ಹೊರಟು ಬಂದು ಇಲ್ಲಿ ಕ್ಲಾಸ್‌ಮೇಟ್ ಒಬ್ಬಳ ಮನೆಯಲ್ಲಿದ್ದೇನೆ. ಸೂಜಿಯನ್ನು ಆಸ್ಪತ್ರೆಯ ನರ್ಸ್ ಒಬ್ಬರಿಗೆ ಕೊಟ್ಟೆ. ಮೇಜಿನ ಮೇಲೆ ಸೂಜಿ ಕತ್ತರಿಸುವ ಒಂದು ಪುಟ್ಟ ಡಬ್ಬಿ ಇದೆ. ತಾತನ ಸೂಜಿ ದಪ್ಪ, ಅದರ ಬಾಯಿಗೆ ಹಿಡಿಸಲಿಲ್ಲ. ಕೊನೆಗೆ ಕಟಿಂಗ್ ಪ್ಲೇಯರ್ ತಂದು ಕಟ್ ಮಾಡಿದವರು ಯಾರು ಗೊತ್ತೆ? ಕಿರಣ್. ನನ್ನ ಹಿಂದೆಯೇ ಮೈಸೂರಿಗೆ ಬಂದಿದ್ದರು. ಕೆಲಸದ ಚೀಲದಿಂದ ತೆಗೆದರು, ಗ್ಲೌಸ್ ಹಾಕಿಕೊಂಡರು, ಕಟಕ್. ನನ್ನ ಮುಖ ನೋಡಲಿಲ್ಲ. ನಾನೂ ಶಭಾಷ್ ಎನ್ನಲಿಲ್ಲ. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಪ್ರೀತಿಯೂ ಇಳಿದಿಲ್ಲ, ಎರಡನ್ನೂ ಇಟ್ಟುಕೊಂಡೇ ಬರುತ್ತಿದ್ದೇನೆ. ಅವರು ಹಂಗಳಕ್ಕೆ ಹೋಗಿ ಮಂಚಮ್ಮನನ್ನೂ ಅವಳ ಮಗನನ್ನೂ ಗುಂಡ್ಲುಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಅಪ್ಪನ ಜೊತೆ ಜಗಲಿಯಲ್ಲಿ ಕೂರುತ್ತಾರೆ. ಜಗಲಿಯಲ್ಲಿ ಚುಚ್ಚುವುದನ್ನು ನಿಲ್ಲಿಸದೆ ಚಾಮರಾಜನಗರಕ್ಕೆ ಬರಕೂಡದು ಎಂದು ಹೇಳಿದ್ದೇನೆ.

ಐದನೇ ತಿಂಗಳಿಗೇ ತವರಿಗೆ ಬಂದಳು, ಏನೋ ಆಗಿದೆ ಎಂದು ನಿನ್ನ ಬೀದಿಯವರು ಮಾತಾಡುತ್ತಾರೆ. ಆಡಲಿ. ಜೊತೆಯಲ್ಲಿ ಕೂತು ಉಂಡರೆ ಈ ರೋಗ ಬರುವುದಿಲ್ಲ, ಡಾಕ್ಟರನ್ನು ಮೂರು ಸಲ ಕೇಳಿದ್ದೇನೆ. ಆದರೂ ನೀನೂ ಅನೂ ಒಮ್ಮೆ ರಕ್ತ ಕೊಟ್ಟು ಲಸಿಕೆ ಹಾಕಿಸಿಕೊಳ್ಳಿ. ನಾಮಕರಣ ನಿನ್ನ ಮನೆಯಲ್ಲಿ. ದಾಕು ಅದಕ್ಕೂ ಮುಂಚೆ, ಹುಟ್ಟಿದ ದಿನ, ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ, ಆಗ ತಾನೇ ಬಿಚ್ಚಿದ ಸೂಜಿಯಲ್ಲಿ. ಅದು ಒಂದು ಸಲ ಚುಚ್ಚಿ ಬಿಸಾಕುವಂಥದ್ದು. ಗುಣ ಇಲ್ಲದ್ದು, ನಿಂಗಯ್ಯನವರ ಮಾತಿನಲ್ಲಿ ಹೇಳುವುದಾದರೆ.

ಬಸ್ಸಿನಲ್ಲಿ ವಾಂತಿಯಾಗುತ್ತದೆ, ಅದಕ್ಕೆ ರೈಲು. ಗುರುವಾರ ಅತ್ತೆ ಇಲ್ಲಿಗೆ ಬಂದು ರಕ್ತ ಕೊಡುತ್ತಾರೆ, ಆಮೇಲೆ ನನ್ನ ಜೊತೆ ಅವರೂ ನಿನ್ನ ಮನೆಗೆ. ಅವರು ಇದುವರೆಗೆ ರೈಲು ಹತ್ತಿಲ್ಲವಂತೆ, ಕಿಟಕಿ ಪಕ್ಕದ ಜಾಗ ಅವರಿಗೇ ಎಂದು ಮಾತು ಕೊಟ್ಟಿದ್ದೇನೆ. ನೀನು ಸ್ಟೇಷನ್ನಿಗೆ ಬಂದರೆ ಕಿವಿಯ ಮಿಷನ್ ಹಾಕಿಕೊಂಡು ಬಾ, ಅದು ಕುಂಯ್ ಎಂದರೂ ಪರವಾಗಿಲ್ಲ. ನಾವಿಬ್ಬರೂ ಬರುವುದು ಇದೇ ಶುಕ್ರವಾರ, ೨೩ನೇ ತಾರೀಕು, ಮೈಸೂರಿನಿಂದ ಹೊರಡುವ ಸಂಜೆಯ ಚಾಮರಾಜನಗರ ಪ್ಯಾಸೆಂಜರಿಗೆ.

ಭವ್ಯ